ಗೆರೆಯ ದಪ್ಪ

ಸೊಹಾರಿನಲ್ಲಿ, ಟೈರ್ ಅಂಗಡಿಯ ಮೇಲಿನ ಮಾಳಿಗೆ ನಮ್ಮ ಆಫೀಸು.
ಎ.ಸಿ.ಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ
ಸುತ್ತಿಟ್ಟ ನಕ್ಷೆಗಳು, ಮದುವೆ ಮುಗಿದ ಮನೆಯ ಚಾಪೆಗಳ ಹಾಗೆ.
ಹನ್ನೊಂದು ವರ್ಷದಿಂದ ನಾನು
ಊರುಗಳನ್ನು ಚಿಕ್ಕದು ಮಾಡಿ ಸಂಬಳ ಎಣಿಸುತ್ತೇನೆ.

ಹೊಸಬರಿಗೆ ಮೊದಲ ದಿನ ಹೇಳುವುದು ಇಷ್ಟೇ:
ಒಂದಕ್ಕೆ ಐನೂರು ಅಂದರೆ ದೊಡ್ಡ ಪ್ರಮಾಣ,
ಒಂದಕ್ಕೆ ಕೋಟಿ ಅಂದರೆ ಸಣ್ಣದು.
ಅಂಕಿ ಉಬ್ಬಿದಷ್ಟೂ ಊರು ಬತ್ತುತ್ತದೆ.
ತಲೆ ಕೆರೆದುಕೊಳ್ಳುತ್ತಾರೆ. ಕೆರೆದುಕೊಳ್ಳಲಿ.
ಐನೂರರಲ್ಲಿ ಚರಂಡಿಯ ಮುಚ್ಚಳಕ್ಕೂ ಒಂದು ಗುರುತುಂಟು;
ಇಪ್ಪತ್ತೈದು ಸಾವಿರದಲ್ಲಿ ಮಸೀದಿ ಉಂಟು,
ಚಪ್ಪಲಿ ಬಿಡುವ ಮೆಟ್ಟಿಲಿಲ್ಲ;
ಹತ್ತು ಲಕ್ಷದಲ್ಲಿ ಸೊಹಾರ್ ಒಂದು ಸಾಸಿವೆ;
ಕೋಟಿಯಲ್ಲಿ ಸಾಸಿವೆಗೂ ಜಾಗ ಸಾಲದೆ
ಹೆಸರು ಮಾತ್ರ
ಸಮುದ್ರದೊಳಕ್ಕೆ ಕಾಲು ಚಾಚಿ ಮಲಗಿದೆ.

ಜುವೈನಾ ಬಂದದ್ದು ರಂಜಾನ್ ಕಳೆದ ವಾರ.
ಕೈಯಲ್ಲಿ ಅಪ್ಪನ ಕಾಲದ ನಕ್ಷೆಯ ಜೆರಾಕ್ಸು;
ಮಡಿಚಿ ಮಡಿಚಿ, ಮಡಿಕೆಯಲ್ಲೇ ತೋಟ ಹರಿದಿತ್ತು.
"ಈ ಖರ್ಜೂರದ ಮರ ನನ್ನದೋ, ಅಣ್ಣ ಖಲ್ಫಾನನದೋ?"
ಒಂದಕ್ಕೆ ಇಪ್ಪತ್ತೈದು ಸಾವಿರ. ಭೂತಗನ್ನಡಿ ಇಟ್ಟೆ.
ಗಡಿ ಇತ್ತು, ಮರ ಇರಲಿಲ್ಲ.
"ದೊಡ್ಡದು ಮಾಡು."
ಮಾಡಿದೆ. ಎರಡರಷ್ಟು, ನಾಲ್ಕರಷ್ಟು, ಹತ್ತರಷ್ಟು.
ಗೆರೆ ಹಗ್ಗವಾಯಿತು, ಹಗ್ಗ ಹೆಬ್ಬಾವಾಯಿತು.
ಮರ ಬರಲಿಲ್ಲ.

ನನ್ನ ಹರಕು ಅರಬಿಯಲ್ಲಿ ಹೇಳಿದೆ:
ನಕ್ಷೆ ಹಿಗ್ಗಿಸಿದರೆ ಶಾಯಿ ಹಿಗ್ಗುತ್ತದೆ, ಅಷ್ಟೇ.
ಈ ಗೆರೆ ಅರ್ಧ ಮಿಲಿಮೀಟರು.
ಇಪ್ಪತ್ತೈದು ಸಾವಿರದಿಂದ ಗುಣಿಸಿ ನೋಡು:
ಹನ್ನೆರಡೂವರೆ ಮೀಟರು.
ಯಾರೋ ಎಳೆದ ಪೆನ್ನಿನ ಮೊನೆಯೊಳಗೆ
ಒಂದು ಬಾವಿ, ಆಡಿನ ಕೊಟ್ಟಿಗೆ, ನಿನ್ನ ಮರ
ಒತ್ತೊತ್ತಾಗಿ ಕೂತಿವೆ.
ಇಷ್ಟು ವರ್ಷ ನೀವಿಬ್ಬರೂ ಜಗಳವಾಡಿದ್ದು
ಗೆರೆಯ ಆಚೆ ಈಚೆ ನಿಂತಲ್ಲ,
ಗೆರೆಯೊಳಗೇ ನಿಂತು.

ಅವಳು ನಗಲಿಲ್ಲ.
ರಿಯಾಲ್ ಎಣಿಸಿ ಮೇಜಿನ ಮೇಲಿಟ್ಟಳು:
"ಹಾಗಾದರೆ ಬಂದು ಅಳೆ."

ಮೋನಬ್ಬ ಪ್ರಿಸಮ್ಮಿನ ಕೋಲು ಹಿಡಿದ. ಅಡ್ಡೂರಿನವನು;
ಕೋಲು ನೆಟ್ಟಗೆ ಹಿಡಿಯುವುದರಲ್ಲೇ ಅರ್ಧ ಆಯುಷ್ಯ ಸವೆಸಿದವನು.
ಬಾವಿ ಉಪ್ಪಾಗಿ ಎಷ್ಟೋ ಕಾಲ; ನೆಲದ ಮೇಲೆ ಬಿಳಿ ಹೊಪ್ಪಳೆ.
ಪಡುವಣಕ್ಕೆ ಹಜರ್ ಬೆಟ್ಟ, ದೂರಕ್ಕೂ ನುಣ್ಣಗಿಲ್ಲ.
ನಮ್ಮ ಗಾದೆಗೆ ಈ ದೇಶದ ವೀಸಾ ಸಿಕ್ಕಿಲ್ಲ.
ಖಲ್ಫಾನ್ ಬೇಲಿಯಾಚೆ ಪಿಕಪ್ಪಿನಲ್ಲೇ ಕೂತು ನೋಡಿದ.
ಎರಡನೆಯ ದಿನ, ಹುಡುಗನೊಬ್ಬನ ಕೈಯಲ್ಲಿ
ಕಾಫಿಯ ಫ್ಲಾಸ್ಕು ಕಳಿಸಿದ; ತಾನು ಇಳಿಯಲಿಲ್ಲ.
ಸಂಜೆಗೆ ಮೋನಬ್ಬನ ಗುದ್ದಲಿಗೆ
ಮಣ್ಣೊಳಗಿನ ಗಡಿಕಲ್ಲುಗಳು ಎರಡೂ ಠಣ್ ಎಂದವು.

ಒಂದಕ್ಕೆ ಐನೂರರ ಹಾಳೆಯಲ್ಲಿ ಕೊನೆಗೂ ಮರ ಬಂತು:
ಸಣ್ಣ ಸೊನ್ನೆ, ನಡುವೆ ಚುಕ್ಕೆ.
ಸರಿಯಾಗಿ ಗೆರೆಯ ಮೇಲೆ.
ಇಲ್ಲೂ ಅದೇ ಅರ್ಧ ಮಿಲಿಮೀಟರು. ಗುಣಿಸಿದೆ:
ಇಪ್ಪತ್ತೈದು ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಗೇಣು.
ಗಡಿಕಲ್ಲಿನ ಅಗಲವೂ ಅಷ್ಟೇ.
"ಇನ್ನೂ ಒಂದು ಗೇಣು ಅನುಮಾನ ಉಳಿಯಿತು" ಅಂದೆ.
ಜುವೈನಾ ಹಾಳೆಯನ್ನು ಸುರುಳಿ ಸುತ್ತಿದಳು.
"ಗೇಣಿನ ಲೆಕ್ಕ ನಾವು ನೋಡಿಕೊಳ್ಳುತ್ತೇವೆ."

ಆಫೀಸಿಗೆ ಮರಳಿದಾಗ ಮಗ್ರಿಬ್ ಬಾಂಗು ಆಗಿತ್ತು.
ಮೋನಬ್ಬ ಕೈ ತೊಳೆಯದೆ ಗೋಡೆಯ ಕೋಟಿಯ ಭೂಪಟಕ್ಕೆ ಹೋದ.
ಹೆಬ್ಬೆರಳನ್ನು ಸೊಹಾರಿನ ಮೇಲೂರಿ
ಕಿರುಬೆರಳನ್ನು ಮಂಗಳೂರಿಗೆ ಚಾಚಿದ.
ಲೆಕ್ಕಕ್ಕೆ ಅದು ಒಂದು ಗೇಣು.
ಆದರೆ ಕಿರುಬೆರಳ ಒಂದು ಗಿಣ್ಣನ್ನು
ಯಾವುದೋ ಕಾಲದಲ್ಲಿ ಯಾವುದೋ ಕ್ರೇನು ತಿಂದಿತ್ತು.
ಬೆರಳು ನೀರಿನಲ್ಲೇ ನಿಂತಿತು.
"ಎಷ್ಟು ಸಾಲದು?"
ಸ್ಕೇಲಿಟ್ಟು ನೋಡಿದೆ: "ಎರಡು ಸೆಂಟಿಮೀಟರು.
ಇನ್ನೂರು ಕಿಲೋಮೀಟರು."
"ಈಜಬಹುದು" ಅಂದು ಚಹಾ ಇಡಲು ಹೋದ.

ಅರಬಿ ಸಮುದ್ರದಲ್ಲಿ ಈಗ ಒಂದು ಮಣ್ಣಿನ ಬೆರಳಚ್ಚು.
ನಮ್ಮ ಲೆಕ್ಕದಲ್ಲಿ ನೂರು ಕಿಲೋಮೀಟರು ಅಗಲದ ದ್ವೀಪ.
ಬಟ್ಟೆ ಕೈಗೆತ್ತಿಕೊಂಡೆ,
ಪಕ್ಕದ ಧೂಳು ಒರೆಸಿದೆ.